ಗಾಜು ಕೂರಿಸುವ ಕೈ ಯಾರದು?

ಪಟ್ಟಣಗಳಲ್ಲಿ ಈಗ ಹಳೇ ಕಾರು ಸಾಕುವ ಶೋಕಿ ಬೆಳೆದಿದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಎಲ್ಲೋ ಒಬ್ಬರ ಹತ್ತಿರ ಮೋರಿಸ್ ಮೈನರ್. ಡಾಕ್ಟರು, ಇಂಜಿನಿಯರು, ನಿವೃತ್ತ ಅಧಿಕಾರಿ, ತೋಟದ ಸಾಹುಕಾರರು ಇಂಥ ಕಾರನ್ನು ಮನೆಯಂಗಳದಲ್ಲಿ ನಿಲ್ಲಿಸಿಕೊಂಡು, ಭಾನುವಾರ ಬಂತೆಂದರೆ ಅದರ ಒಂದೊಂದು ಭಾಗವನ್ನು ತಾವೇ ಬಿಚ್ಚಿ ತಾವೇ ಜೋಡಿಸುತ್ತಾರೆ. ಹಿಂದಿನ ಗಾಜು ಒಡೆದಿದ್ದರೆ ಗುಜರಿಯಲ್ಲಿ ಇನ್ನೊಂದು ಹುಡುಕಿ ತಂದು ಸ್ವಂತ ಕೈಯಿಂದ ಕೂರಿಸುತ್ತಾರೆ. ಕೂರಿಸಿ ಆದ ಮೇಲೆ ಕಪ್ಪು ಹಿಡಿದ ಅಂಗೈಯನ್ನು ಬಂದವರಿಗೆಲ್ಲ ತೋರಿಸುತ್ತಾರೆ. 'ನೋಡ್ರೀ, ಪೂರಾ ನಾನೇ ಮಾಡ್ಕೊಂಡೆ' ಅನ್ನುತ್ತಾರೆ. ಬಂದವರು ಮೆಚ್ಚುತ್ತಾರೆ. ಮೆಚ್ಚತಕ್ಕದ್ದೇ.

ಅದೇ ಊರಿನ ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ಶೆಡ್ಡಿನಲ್ಲಿ, ಇನ್ನೊಬ್ಬ ಅದೇ ಗಾಜನ್ನು ಅದೇ ರೀತಿ ಕೂರಿಸುತ್ತಾನೆ. ಅವನ ಅಂಗೈಯೂ ಕಪ್ಪೇ. ಅದನ್ನು ಅವನು ಯಾರಿಗೂ ತೋರಿಸುವುದಿಲ್ಲ. ಡೀಸೆಲ್ಲಿನಲ್ಲಿ ತಿಕ್ಕಿ, ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗದೆ, ಹೆಣ್ಣು ನೋಡಲು ಹೋದ ಮನೆಯಲ್ಲಿ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾನೆ. 'ಓದಲಿಲ್ಲ, ಅದಕ್ಕೇ ಅಲ್ಲಿಗೆ ಬಿದ್ದ' ಎಂದು ಹೆತ್ತ ಅಪ್ಪನೇ ಹೇಳುತ್ತಾನೆ.

ಕೆಲಸ ಒಂದೇ. ಗಾಜು, ರಬ್ಬರು, ಸೋಪಿನ ನೀರು ಎಲ್ಲ ಒಂದೇ. ಒಬ್ಬನಿಗೆ ಅದು ಕೀರ್ತಿ, ಇನ್ನೊಬ್ಬನಿಗೆ ನಾಚಿಕೆ. ಹಾಗಾದರೆ ಕೆಲಸಕ್ಕೆ ತನ್ನದೇ ಆದ ಮಾನ ಅನ್ನೋದು ಇದೆಯೋ ಇಲ್ಲವೋ? ಅಥವಾ ಮಾನವೆಲ್ಲ ಮಾಡುವವನ ಹುಟ್ಟಿನ ಜೊತೆ, ಜೇಬಿನ ಜೊತೆ ಅಂಟಿಕೊಂಡು ಬರುತ್ತದೆಯೋ? ನಾವು ಇಲ್ಲಿ ಕೇಳಹೊರಟಿರುವುದು ಇಷ್ಟೇ. ಕಾರಿದ್ದವರ ಮೇಲಿನ ಹೊಟ್ಟೆಕಿಚ್ಚಿಗೆ ಬರೆದದ್ದು ಎಂದು ಯಾರಾದರೂ ತಿಳಿದರೆ ತಿಳಿಯಲಿ, ನಮಗೇನೂ ನಷ್ಟವಿಲ್ಲ.

ಮೊದಲು ಕೆಲಸ ಎಂಥದ್ದು ಅಂತ ನೋಡೋಣ. ಶ್ರಮದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವ ನಮ್ಮವರಲ್ಲೇ ಬಹಳ ಜನಕ್ಕೆ ಒಂದು ಪಾನಾ ಹಿಡಿಯಲು ಬರುವುದಿಲ್ಲ. ಕೆಲಸ ತಿಳಿಯದೆ ಅದರ ನೀತಿಯನ್ನು ಮಾತಾಡುವುದೆಂದರೆ ಗದ್ದೆಗೆ ಕಾಲಿಡದೆ ಬೆಳೆಯ ಲೆಕ್ಕ ಬರೆದುಕೊಂಡ ಶಾನುಭೋಗನ ಕತೆಯೇ.

ಅಂಬಾಸಿಡರಿನ ಹಿಂದಿನ ಗಾಜನ್ನು ಈಗಿನ ಕಾರುಗಳಂತೆ ಅಂಟು ಹಾಕಿ ಕೂರಿಸಿರುವುದಿಲ್ಲ. ಬಾಡಿಯ ತಗಡಿಗೂ ಗಾಜಿಗೂ ನಡುವೆ ಒಂದು ರಬ್ಬರು ಬೀಡಿಂಗು ಇರುತ್ತದೆ. ಅದರ ಒಂದು ಬದಿಯ ಗಾಡಿಯಲ್ಲಿ ಗಾಜು, ಇನ್ನೊಂದು ಬದಿಯ ಗಾಡಿಯಲ್ಲಿ ತಗಡಿನ ಅಂಚು. ಗಾಜನ್ನು ಹಿಡಿದು ನಿಲ್ಲಿಸಿರುವುದು ಆ ರಬ್ಬರಿನ ತುಟಿ ಮಾತ್ರ. ವರ್ಷಗಳ ಬಿಸಿಲಿಗೆ ಅದು ಒಣಗಿ ಸೌದೆಯಂತಾಗಿ ಬಿರುಕು ಬಿಡುತ್ತದೆ. ಹಳೇ ಗಾಜು ಇನ್ನೂ ಇದ್ದರೆ ತೆಗೆಯುವುದು ಹೀಗೆ: ರಬ್ಬರಿನ ತುಟಿಯನ್ನು ಚಾಕುವಿನಿಂದ ಸುತ್ತಲೂ ಕತ್ತರಿಸಿ ಬಿಸಾಕಿ, ಒಬ್ಬ ಒಳಗೆ ಕೂತು ಮೂಲೆಯಿಂದ ಅಂಗೈಯಲ್ಲಿ ಮೆತ್ತಗೆ ಒತ್ತಬೇಕು, ಇನ್ನೊಬ್ಬ ಹೊರಗೆ ಹಿಡಿದುಕೊಳ್ಳಬೇಕು. ಮುಷ್ಟಿಯಿಂದ ಗುದ್ದಿದರೆ ಕೆಟ್ಟಿತು.

ಒಡೆದು ಹೋಗಿದ್ದರೆ ಕತೆ ಬೇರೆ. ಹಿಂದಿನ ಗಾಜು ಟಫನ್ಡ್ ಗಾಜು. ಮನೆಯ ಕಿಟಕಿ ಗಾಜಿನಂತೆ ಚೂರಿ ಚೂರಿಯಾಗಿ ಒಡೆಯುವುದಿಲ್ಲ, ಕಲ್ಲುಸಕ್ಕರೆಯ ಹಾಗೆ ಪುಡಿ ಪುಡಿಯಾಗಿ ಉದುರುತ್ತದೆ. ಸೀಟಿನ ಸಂದಿ, ಸೀಟಿನ ಬೆನ್ನಿನ ಹಿಂದಿನ ಹಲಗೆ, ಡಿಕ್ಕಿ, ಬಾಗಿಲಿನ ಕೆಳಗಿನ ನೀರು ಹೋಗುವ ತೂತು, ಎಲ್ಲ ಕಡೆ ಸೇರಿಕೊಳ್ಳುತ್ತದೆ. ತಿಂಗಳು ಕಳೆದ ಮೇಲೂ ತಿರುವಿನಲ್ಲಿ ಸರ್ ಅಂತ ಸದ್ದು ಮಾಡುತ್ತದೆ. ಅದನ್ನು ಗುಡಿಸಿ ತೆಗೆಯುವುದೇ ಅರ್ಧ ದಿನದ ಕೆಲಸ, ಕೈಗೆ ಗವುಸು ಇಲ್ಲದೆ ಮಾಡಬಾರದ ಕೆಲಸ. ಶೆಡ್ಡಿನಲ್ಲಿ ಗವುಸು ಹಾಕಿದವರನ್ನು ನಾವು ಕಂಡದ್ದು ಕಡಿಮೆ. ಮನೆಯಂಗಳದಲ್ಲಿ ಹಾಕಿಕೊಂಡೇ ಮಾಡುತ್ತಾರೆ.

ಗಾಜು ತೆಗೆದ ಮೇಲೆ ನಿಜವಾದ ರೋಗ ಕಾಣುತ್ತದೆ. ಕೆಳಗಿನ ಎರಡು ಮೂಲೆಗಳಲ್ಲಿ ನೀರು ನಿಂತು ತಗಡು ತುಕ್ಕು ಹಿಡಿದಿರುತ್ತದೆ. ಮೇಲೆ ಬಣ್ಣ ಚೆನ್ನಾಗೇ ಇರುತ್ತದೆ, ಒಳಗೆ ತಗಡು ಹಪ್ಪಳ. ತಂತಿ ಬ್ರಶ್ಶಿನಿಂದ ಉಜ್ಜಿ, ಎಮರಿ ಕಾಗದ ಹಾಕಿ, ತೂತು ಬಿದ್ದಿದ್ದರೆ ಟಿಂಕರ್ ಕೈಯಲ್ಲಿ ತೇಪೆ ಹಾಕಿಸಿ, ರೆಡ್ ಆಕ್ಸೈಡ್ ಬಳಿದು, ಬಣ್ಣ ಕೊಟ್ಟು, ಒಣಗಲು ಬಿಡಬೇಕು. ಅಂಚಿನಲ್ಲಿ ಒಂದು ಉಬ್ಬು ಉಳಿದರೂ ಹೊಸ ಗಾಜಿಗೆ ಅದೇ ಮೃತ್ಯು. ಇಲ್ಲಿ ಆತುರ ಮಾಡುವವನು ಎರಡು ಗಾಜಿನ ದುಡ್ಡು ಇಟ್ಟುಕೊಂಡಿರಬೇಕು.

ಆಮೇಲೆ ಹುರಿಯ ಕೆಲಸ. ಹೊಸ ಬೀಡಿಂಗನ್ನು ಬಿಸಿಲಿಗೋ ಬಿಸಿನೀರಿಗೋ ಹಾಕಿ ಮೆತ್ತಗೆ ಮಾಡಿ ಮೊದಲು ಗಾಜಿನ ಸುತ್ತ ಹಾಕುತ್ತಾರೆ. ತಗಡು ಕೂರಬೇಕಾದ ಗಾಡಿಯಲ್ಲಿ ಸುತ್ತಲೂ ಒಂದು ನೈಲಾನ್ ಹುರಿ ಸೇರಿಸಿ, ಎರಡು ತುದಿಗಳನ್ನು ಕೆಳಗಡೆ ನಡುವೆ ಒಂದರ ಮೇಲೊಂದು ಹಾದುಹೋಗುವಂತೆ ಒಳಕ್ಕೆ ಇಳಿಬಿಡುತ್ತಾರೆ. ಅಂಚಿಗೆಲ್ಲ ಸೋಪಿನ ನೀರು. ಗ್ರೀಸು, ಆಯಿಲ್ಲು ಮುಟ್ಟಿಸಬಾರದು, ರಬ್ಬರನ್ನು ತಿನ್ನುತ್ತವೆ. ಹೊರಗಿನವನು ಗಾಜನ್ನು ಜಾಗಕ್ಕೆ ಹೊಂದಿಸಿ ಅಂಗೈಯಲ್ಲಿ ಒತ್ತಿ ಹಿಡಿಯುತ್ತಾನೆ. ಒಳಗಿನವನು ಹುರಿಯನ್ನು ತನ್ನ ಕಡೆಗೆ, ಗಾಜಿನ ನಡುಭಾಗದತ್ತ, ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತಾನೆ. ಎಳೆದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಕ್ಕೆ ಮಗುಚಿಕೊಳ್ಳುತ್ತದೆ. ಕೆಳಗಿನಿಂದ ಶುರು, ಎರಡು ಬದಿ, ಕೊನೆಗೆ ಮೇಲ್ಗಡೆ. ಹೊರಗಿನವನು ಒತ್ತುವ ಜಾಗವೂ ಒಳಗಿನವನು ಎಳೆಯುವ ಜಾಗವೂ ಒಂದೇ ಆಗಿರಬೇಕು. ಒಬ್ಬರಿಗೊಬ್ಬರ ಮುಖ ಗಾಜಿನಲ್ಲಿ ಕಾಣುತ್ತದೆ, ಮಾತು ಸರಿಯಾಗಿ ಕೇಳಿಸುವುದಿಲ್ಲ. ಕಣ್ಣು ಸನ್ನೆಯಲ್ಲೇ ಆಗಬೇಕು. 'ಪೂರಾ ನಾನೇ ಮಾಡ್ಕೊಂಡೆ' ಅನ್ನುವವರನ್ನು ನಾವು ಒಂದು ಮಾತು ಕೇಳಬೇಕೆಂದಿದ್ದೇವೆ: ಸ್ವಾಮಿ, ಆ ಹೊತ್ತು ಒಳಗೆ ಕೂತವರು ಯಾರು?

ಮನೆಯಲ್ಲಾದರೆ ಹೆಂಡತಿ, ಮಗ, ಇಲ್ಲ ತೋಟದ ಆಳು. ಶೆಡ್ಡಿನಲ್ಲಾದರೆ ಹುಡುಗ. ಮೇಸ್ತ್ರಿ ಹೊರಗೆ, ಹುಡುಗ ಒಳಗೆ, ಇದು ಕ್ರಮ. 'ಎಳೀಲಾ ನಿಧಾನಕ್ಕೆ', 'ಆಯ್ತು ಕಣಣ್ಣೋ' ಇಷ್ಟೇ ಅವರ ಮಾತು. ಮುಸ್ಲಿಂ ಗ್ಯಾರೇಜಾದರೆ ಉಸ್ತಾದ್ ಮತ್ತು ಶಾಗಿರ್ದ್. ಹೆಸರು ಬರುವುದು ಹೊರಗಿನವನಿಗೆ. ಯಾವ ಕೆಲಸದಲ್ಲೂ ಹೀಗೇ. ಒಳಗೆ ಕೂತು ಎಳೆದವನ ಹೆಸರು ಕಾಣುವುದಿಲ್ಲ.

ಈ ಗಾಜಿನ ಗುಣ ಸ್ವಲ್ಪ ಹೇಳಬೇಕು, ಮೇಷ್ಟ್ರುಗಳಿಗೆ ತರಗತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಸಾಮಾನ್ಯ ಗಾಜನ್ನು ಬೇಕಾದ ಅಳತೆಗೆ ಕತ್ತರಿಸಿ, ಬಾಗಿಸಿ, 600 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಕಾಯಿಸಿ, ಎರಡೂ ಕಡೆಯಿಂದ ಗಾಳಿಯ ಹೊಡೆತ ಕೊಟ್ಟು ಥಟ್ಟನೆ ತಣ್ಣಗೆ ಮಾಡುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ಆರುತ್ತಾ ಕುಗ್ಗಲು ಹೋಗಿ ಮೇಲ್ಮೈಯನ್ನು ಎಳೆದು ಅಮುಕಿ ಹಿಡಿಯುತ್ತದೆ. ಹಾಗೆ ಅಮುಕಿದ ಮೇಲ್ಮೈ ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಆದರೆ ಅಂಚಿಗೆ ಒಂದು ಚೂಪು ಏಟು ಬಿದ್ದರೆ ಒಳಗಿನ ಎಳೆತವೆಲ್ಲ ಒಮ್ಮೆಗೇ ಬಿಚ್ಚಿಕೊಂಡು ಇಡೀ ಗಾಜು ಪುಡಿಯಾಗುತ್ತದೆ. ಆದ್ದರಿಂದ ಒಮ್ಮೆ ಹದ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲು, ತೂತು ಕೊರೆಯಲು ಆಗುವುದಿಲ್ಲ. ಆ ಕಾರಿನ ಆ ಅಳತೆಯ ಗಾಜೇ ಸಿಗಬೇಕು. ಮುಂದಿನ ಗಾಜು ಬೇರೆ ಜಾತಿ: ಎರಡು ಪದರ ಗಾಜಿನ ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟ ಲ್ಯಾಮಿನೇಟೆಡ್ ಗಾಜು, ಒಡೆದರೂ ಪೊರೆಗೆ ಅಂಟಿಕೊಂಡಿರುತ್ತದೆ. ಫ್ರಾನ್ಸಿನ ಬೆನೆಡಿಕ್ಟಸ್ ಅದಕ್ಕೆ 1909ರಲ್ಲಿ ಪೇಟೆಂಟ್ ಪಡೆದ. ಮುಂದೆ ಹಿಂದೆ ಎರಡೂ ಗಾಜುಗಳಿಂದ ಕನಿಷ್ಠ ನೂರಕ್ಕೆ 70 ಪಾಲು ಬೆಳಕು ಹಾಯಬೇಕೆಂದು 1989ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆ ನಿಯಮದ ಆಧಾರದ ಮೇಲೇ 2012ರಲ್ಲಿ ಸುಪ್ರೀಂ ಕೋರ್ಟು ಕಪ್ಪು ಫಿಲಂ ಅಂಟಿಸುವುದನ್ನು ನಿಲ್ಲಿಸಿತು.

ಶೆಡ್ಡಿನ ಹುಡುಗನಿಗೆ ಈ ಡಿಗ್ರಿ, ಪೇಟೆಂಟು ಗೊತ್ತಿರಲಿಕ್ಕಿಲ್ಲ. ಅಂಚಿಗೆ ಏಟು ಬೀಳಬಾರದು, ಕೆಳಗೆ ಇಡುವಾಗ ಸಿಮೆಂಟಿನ ಮೇಲೆ ನೇರ ಇಡದೆ ಗೋಣಿಚೀಲ ಹಾಸಬೇಕು ಅನ್ನುವುದು ಗೊತ್ತು. ಇಂಜಿನಿಯರಿಗೆ ಡಿಗ್ರಿ ಗೊತ್ತು, ಗೋಣಿಚೀಲ ಗೊತ್ತಿರುವುದಿಲ್ಲ. ಇವೆರಡರಲ್ಲಿ ಒಂದನ್ನು ವಿದ್ಯೆ ಎಂದೂ ಇನ್ನೊಂದನ್ನು ರೂಢಿ ಎಂದೂ ಹೆಸರಿಟ್ಟವರು ಯಾರು ಅಂತ ಕೇಳಿದರೆ ಉತ್ತರ ಬಹಳ ಹಿಂದಕ್ಕೆ ಹೋಗುತ್ತದೆ.

ಈಗ ಪ್ರಶ್ನೆಗೆ ಬರೋಣ. 'ಎಲ್ಲ ಕೆಲಸವೂ ಸಮಾನ, ಯಾವ ಕೆಲಸವೂ ಕೀಳಲ್ಲ' ಎಂಬ ಮಾತು ನಮ್ಮ ಶಾಲೆಯ ಗೋಡೆಗಳ ಮೇಲೆಲ್ಲ ಇದೆ. ಇದು ಚೆಂದದ ಮಾತು, ಜೊತೆಗೆ ಅಪಾಯದ ಮಾತು. 1936ರಲ್ಲಿ ಅಂಬೇಡ್ಕರ್ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಭೆಗಾಗಿ 'ಜಾತಿ ವಿನಾಶ'ದ ಭಾಷಣ ಬರೆದರು. ಸಭೆಯವರೇ ಹೆದರಿ ಸಭೆ ರದ್ದು ಮಾಡಿದ್ದರಿಂದ ಅದನ್ನು ತಾವೇ ಅಚ್ಚು ಹಾಕಿಸಿದರು. ಅದಕ್ಕೆ ಗಾಂಧೀಜಿ ಅದೇ ವರ್ಷ ಜುಲೈನಲ್ಲಿ 'ಹರಿಜನ' ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಹೊಟ್ಟೆಪಾಡಿಗೆ ವಂಶದ ಕಸುಬನ್ನೇ ಹಿಡಿಯಬೇಕು, ಬ್ರಾಹ್ಮಣನ ಕೆಲಸಕ್ಕೂ ಜಾಡಮಾಲಿಯ ಕೆಲಸಕ್ಕೂ ದೇವರ ಮುಂದೆ ಒಂದೇ ತೂಕ ಅನ್ನುವುದು ಅವರ ವಾದದ ತಿರುಳು. ಗಾಂಧೀಜಿ ಸ್ವತಃ ಪಾಯಿಖಾನೆ ತೊಳೆದವರು, ಅವರ ಪ್ರಾಮಾಣಿಕತೆಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ಅಂಬೇಡ್ಕರ್ ಆ ಭಾಷಣದಲ್ಲೇ ಇದರ ಬುಡಕ್ಕೆ ಕೈಹಾಕಿದ್ದರು. ಜಾತಿಯೆಂದರೆ ಕೆಲಸವನ್ನು ಹಂಚಿಕೊಂಡ ಏರ್ಪಾಡಲ್ಲ, ಕೆಲಸ ಮಾಡುವವರನ್ನೇ ಒಡೆದು ಒಬ್ಬರ ಮೇಲೊಬ್ಬರನ್ನು ಅಟ್ಟದ ಹಾಗೆ ಪೇರಿಸಿದ ಏರ್ಪಾಡು ಎಂದರು. ಅಲ್ಲಿ ಮನುಷ್ಯನ ಒಲವಿಗೆ, ಆಯ್ಕೆಗೆ ಜಾಗವೇ ಇಲ್ಲ ಎಂದರು.

ಅಂಗಳದ ಗಾಜಿಗೂ ಶೆಡ್ಡಿನ ಗಾಜಿಗೂ ಇರುವ ವ್ಯತ್ಯಾಸ ಇದೇ ಜಾಗದಲ್ಲಿದೆ. ರಬ್ಬರು ಜಾಗಕ್ಕೆ ಕೂರದೆ ಸತಾಯಿಸಿದಾಗ ಡಾಕ್ಟರು ಹುರಿ ಬಿಟ್ಟು ಎದ್ದು ಒಳಗೆ ಹೋಗಿ ಕಾಫಿ ಕುಡಿಯುತ್ತಾರೆ. 'ಮುಂದಿನ ವಾರ ನೋಡಣ' ಅನ್ನುತ್ತಾರೆ. ಶೆಡ್ಡಿನವನು ಏಳುವಂತಿಲ್ಲ. ಸಂಜೆಗೆ ಗಾಡಿ ಕೊಡಬೇಕು, ಒಡೆದರೆ ಗಾಜಿನ ದುಡ್ಡು ಅವನ ತಲೆಗೆ. ಎದ್ದು ಹೋಗುವ ಹಕ್ಕು ಇದ್ದವನ ಕೆಲಸ ಹವ್ಯಾಸ, ಇಲ್ಲದವನ ಕೆಲಸ ಪಾಡು. ಕೆಲಸದ ಒಳಗಡೆ ಎಷ್ಟು ಹುಡುಕಿದರೂ ಈ ವ್ಯತ್ಯಾಸ ಸಿಗುವುದಿಲ್ಲ, ಅದು ಕೆಲಸದ ಹೊರಗಿದೆ. ಅದಕ್ಕೇ 'ಎಲ್ಲ ಕೆಲಸ ಸಮಾನ' ಅನ್ನುವ ಮಾತು ಸಾಲದು. ಕೆಲವು ಕೆಲಸಗಳಿಗೆ ಗೌರವ ಕೊಡುವುದಲ್ಲ, ಅವನ್ನು ನಿಲ್ಲಿಸುವುದೇ ಗೌರವ. ಬಸವಲಿಂಗಪ್ಪನವರು ಅರಸು ಮಂತ್ರಿಮಂಡಲದಲ್ಲಿದ್ದಾಗ ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರೇ ಹೊರತು ಹೊರುವವರಿಗೆ ಸನ್ಮಾನ ಏರ್ಪಡಿಸಲಿಲ್ಲ.

ಗಾಜು ಕೂರಿಸುವುದು ಅಂಥ ಕೆಲಸವಲ್ಲ. ಅದು ಒಳ್ಳೆಯ ಕೆಲಸ. ಕಣ್ಣು, ಕೈ, ತಾಳ್ಮೆ ಮೂರನ್ನೂ ಬೇಡುವ ಕೆಲಸ. ಆದ್ದರಿಂದಲೇ ಸಿಟ್ಟು ಬರುವುದು. ಅಂಥ ಕೆಲಸದಲ್ಲೂ ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ಅದು ಸುಖ ಎಂದು ತಿಳಿಯಲೂ ಬಿಡುವಿಲ್ಲ.

ಇಲ್ಲಿ ನಮ್ಮ ಗೆಳೆಯರಲ್ಲೇ ಒಂದು ವಾದ ಎದ್ದಿತು. ಕಾರು ಕೊಳ್ಳುವ ದುಡ್ಡಿದ್ದವನು ಗಾಜನ್ನು ತಾನೇ ಕೂರಿಸಿ ಗ್ಯಾರೇಜಿನವನ ಒಂದು ದಿನದ ಕೂಲಿ ಯಾಕೆ ಕಿತ್ಕೋಬೇಕು, ಆ ಕೆಲಸ ಅವನಿಗೇ ಕೊಡಲಿ ಎಂದು ಕೆಲವರು. ಕೇಳಲು ನ್ಯಾಯವಾಗಿದೆ. ನಮಗೆ ಒಪ್ಪಿಗೆಯಿಲ್ಲ. ಉಳ್ಳವನು ಕೈಗೆ ಮಸಿ ಹತ್ತಿಸಿಕೊಳ್ಳಬಾರದು, ಅದಕ್ಕೆ ಬೇರೆಯವರಿದ್ದಾರೆ ಅನ್ನುವುದು ಜಮೀನ್ದಾರನ ಮಾತೇ, ಬಾಯಿ ಮಾತ್ರ ನಮ್ಮದು. ನಮ್ಮ ಹಿರಿಯರು ಸಾವಿರ ವರ್ಷ 'ಕೆಲಸ ಕೊಡಿ ಬುದ್ಧೀ' ಎಂದು ಹಟ್ಟಿಯ ಮುಂದೆ ನಿಂತದ್ದು ಸಾಕು. ಉಳ್ಳವನೂ ತುಕ್ಕು ಉಜ್ಜಲಿ, ಅವನ ಬೆನ್ನೂ ನೋಯಲಿ. ನೊಂದ ಬೆನ್ನಿನವನು ಮುಂದಿನ ಸಲ ಗ್ಯಾರೇಜಿನಲ್ಲಿ 'ಇಷ್ಟಕ್ಕೆ ಇಷ್ಟು ದುಡ್ಡೇನಯ್ಯಾ' ಅನ್ನುವಾಗ ಕೊಂಚ ತಡೆಯಬಹುದು. ತಡೆಯುತ್ತಾನೆ ಎಂಬ ಭರವಸೆ ನಮಗೇನಿಲ್ಲ.

ಅನ್ಯಾಯ ಇರುವುದು ಬೇರೆ ಕಡೆ. ಅಂಗಳದಲ್ಲಿ ಕೆಲಸ ಮಾಡುವವರು ಕಲಿತದ್ದು ಎಲ್ಲಿಂದ? ಹುರಿ ಹಾಕುವ ಉಪಾಯ, ಸೋಪಿನ ನೀರಿನ ಉಪಾಯ, ಬಿಸಿಲಿಗಿಟ್ಟು ಮೆತ್ತಗೆ ಮಾಡುವ ಉಪಾಯ, ಇವೆಲ್ಲ ಯಾವುದೋ ಶೆಡ್ಡಿನ ಮುಂದೆ ಅರ್ಧ ಗಂಟೆ ನಿಂತು, ಒಂದು ಟೀ ಕೊಡಿಸಿ ಕೇಳಿ ತಿಳಿದದ್ದು. ತಿಳಿಸಿದವನು ಬಾಯಿಬಿಟ್ಟು ತಿಳಿಸಿದ, ಅದಕ್ಕೆ ದುಡ್ಡು ಕೇಳಬಹುದು ಅನ್ನುವುದೇ ಅವನಿಗೆ ಹೊಳೆಯಲಿಲ್ಲ. ಅದೇ ಡಾಕ್ಟರ ಹತ್ತಿರ ಅವನು ಕೆಮ್ಮಿಗೆ ಏನು ಮಾಡಲಿ ಅಂತ ಅರ್ಧ ನಿಮಿಷ ಕೇಳಿದರೆ ಫೀಜು. ಕೈಯಿಂದ ಬಂದ ತಿಳಿವಳಿಕೆ ಊರ ಕೆರೆ, ಯಾರು ಬೇಕಾದರೂ ಮೊಗೆದುಕೊಳ್ಳಬಹುದು. ಪುಸ್ತಕದಿಂದ ಬಂದದ್ದು ಮನೆಯೊಳಗಿನ ಬಾವಿ, ಹಗ್ಗ ಮುಟ್ಟಲೂ ಬಿಡುವುದಿಲ್ಲ.

ಬಿಡಿಭಾಗಕ್ಕೂ ಇದೇ ಗತಿ, ಆದರೆ ತಿರುಗಾಮುರುಗಾ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೀಡಿಂಗು ಕೊಳ್ಳುವಾಗ ಹೇಳಿದ ದುಡ್ಡು ಕೊಟ್ಟು ಬರುತ್ತಾರೆ. ಶಿವಾಜಿನಗರದ ಗುಜರಿಯಲ್ಲಿ ಮೂಲೆಯಲ್ಲಿ ಹಳೇ ಮುದ್ರೆ ಇರುವ ಗಾಜು ಸಿಕ್ಕರೆ ಎರಡು ಪಟ್ಟು ಕೊಟ್ಟಾದರೂ ತರುತ್ತಾರೆ. ಚೌಕಾಸಿ ಶುರುವಾಗುವುದು ಕೂಲಿಯ ಹತ್ತಿರ. ಸಾಮಾನಿಗೆ ಅಚ್ಚಾದ ಬೆಲೆಯಿದೆ, ಕೈಗೆ ಅಚ್ಚಾದ ಬೆಲೆಯಿಲ್ಲ. ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ದಿನದ ಕಾಯಕಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಚೆಲ್ಲಿ ಬನ್ನಿ ಎಂದು ಕಳಿಸಿದ ಕತೆ ನಮಗೆಲ್ಲ ಗೊತ್ತು. ಆ ಕತೆಯನ್ನು ಬಡವರಿಗೆ ಮಾತ್ರ ಹೇಳುವುದನ್ನು ನಾವು ನಿಲ್ಲಿಸಬೇಕು. ಹೆಚ್ಚಿಗೆ ತಂದವನಿಗೆ ಹಿಂದಕ್ಕೆ ಕೊಡು ಅನ್ನುವ ನೀತಿ, ಕಡಿಮೆ ಕೊಟ್ಟವನಿಗೆ ಪೂರಾ ಕೊಡು ಎಂದೂ ಹೇಳಬೇಕಲ್ಲ!

ಇನ್ನು 'ಮೂಲ' ಎಂಬ ಮಾತು. ಹಳೇ ಕಾರಿನ ಪ್ರೇಮಿಗಳಿಗೆ ಇದು ಮಂತ್ರ. ಗಾಜು ಮೂಲವೇ, ಬೀಡಿಂಗು ಮೂಲವೇ, ಬಣ್ಣ ಮೂಲದ್ದೇ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಮೂಲ ರೂಪ ಉಳಿಸಿಕೊಂಡಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಇರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ನಂಬರಿನಲ್ಲಿ 'ವಿಎ' ಎಂಬ ಅಕ್ಷರ. ಸರಿ. ಆದರೆ ನಮ್ಮ ಮನೆಗಳಲ್ಲಿ ಅಜ್ಜನ ಕಾಲದ ಕೊಡಲಿ ಇದೆ. ಕಾವು ನಾಲ್ಕು ಸಲ ಬದಲಾಗಿದೆ, ಅಲಗನ್ನು ಕುಲುಮೆಯಲ್ಲಿ ಎರಡು ಸಲ ಹೊಸದಾಗಿ ಬೆಸೆಸಿದ್ದಾಗಿದೆ. ಈಗಲೂ ಅದು ಅಜ್ಜನ ಕೊಡಲಿಯೇ. ಅದರಲ್ಲಿ ಮೂಲ ಯಾವುದು ಅಂತ ನಮ್ಮಲ್ಲಿ ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ಯಾಕೆಂದರೆ ಅದರಿಂದ ಸೌದೆ ಒಡೆಯಬೇಕಾಗಿತ್ತು. ದುಡಿಯುವ ವಸ್ತುವಿಗೆ ಮೂಲದ ಚಿಂತೆ ಇಲ್ಲ. ದುಡಿಮೆಯಿಂದ ಬಿಡುಗಡೆಯಾಗಿ ನೆರಳಿನಲ್ಲಿ ನಿಂತ ಮೇಲೆ ಮೂಲದ ಪ್ರಶ್ನೆ ಹುಟ್ಟುತ್ತದೆ. ಮನುಷ್ಯರಲ್ಲೂ ಹಾಗೇ. ವಂಶ, ಮೂಲ, ಶುದ್ಧಿ ಎಂದು ಹೆಚ್ಚು ಮಾತಾಡುವವರು ಯಾರು ಅಂತ ನೋಡಿಕೊಳ್ಳಿ.

ಅಂಬಾಸಿಡರಿನ ಮೂಲವೂ ಸೋಜಿಗವೇ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು ತಂದು, ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್‌ನವರು 1950ರ ದಶಕದ ಕೊನೆಯಿಂದ ಮಾಡಿದರು. 2014ರ ಮೇ ತಿಂಗಳಲ್ಲಿ ಕೆಲಸ ನಿಂತಿತು. ಸಾವಿರಾರು ಕಾರ್ಮಿಕರ ಕೈ ಬರಿದಾಯಿತು. 2017ರಲ್ಲಿ 'ಅಂಬಾಸಿಡರ್' ಎಂಬ ಹೆಸರನ್ನು ಮಾತ್ರ ಫ್ರಾನ್ಸಿನ ಪ್ಯೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿದರು. ಬರೀ ಹೆಸರಿಗೆ ಎಂಬತ್ತು ಕೋಟಿ! ಅದನ್ನು ಹೆಸರು ಮಾಡಿಕೊಟ್ಟ ಕೈಗಳಿಗೆ ಮಾರುಕಟ್ಟೆಯಲ್ಲಿ ಯಾರು ಎಷ್ಟು ಕೂಗಿದರು?

ಆ ಕಾರು ನಮ್ಮ ಕೇರಿಗಳಿಗೆ ಏನಾಗಿತ್ತು ಅನ್ನುವುದನ್ನೂ ಹೇಳಿಬಿಡೋಣ. ಬಿಳೀ ಅಂಬಾಸಿಡರ್ ಎಂದರೆ ಸರ್ಕಾರ. ಮಂತ್ರಿ, ಡಿ.ಸಿ., ಎ.ಸಿ. ಬಂದರೆಂದರೆ ಅದರಲ್ಲೇ. ಹಿಂದಿನ ಗಾಜಿಗೆ ಒಳಗಿನಿಂದ ಪುಟ್ಟ ಪರದೆ. ಅರ್ಜಿ ಹಿಡಿದು ಓಡಿದ ನಮ್ಮವರು ಆ ಕಾರನ್ನು ಹೆಚ್ಚು ಕಂಡದ್ದು ಹಿಂದಿನಿಂದ: ಧೂಳು, ಧೂಳಿನ ನಡುವೆ ಆ ಗಾಜು, ಗಾಜಿನಾಚೆ ಪರದೆ. ಒಳಗೆ ಕೂತವರು ತಿರುಗಿ ನೋಡಿದರೋ ಇಲ್ಲವೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಅಂಗಳದಲ್ಲಿ ಕಾರನ್ನು ಮೂಲ ರೂಪಕ್ಕೆ ತರುವ ಮಹನೀಯರು ಪರದೆಯನ್ನೂ ಹುಡುಕಿ ಹಾಕುತ್ತಾರೆ, ಅಂದ ಕಾಣುತ್ತದೆ ಅಂತ. ಅವರಿಗದು ಅಂದದ ನೆನಪು. ನೆನಪಿನಲ್ಲೂ ಒಳಗೆ ಕೂತವರು, ಹೊರಗೆ ಓಡಿದವರು ಎಂದು ಎರಡಿದೆ.

ಆದರೂ ಗ್ಯಾರೇಜನ್ನು ನಾವು ಬರೀ ಕತ್ತಲೆಯ ಜಾಗವಾಗಿ ಚಿತ್ರಿಸಲಾರೆವು. ಮೋಟಾರು ಕೆಲಸಕ್ಕೆ ಯಾವ ಸ್ಮೃತಿಯಲ್ಲೂ ಜಾತಿ ಗೊತ್ತು ಮಾಡಿಲ್ಲ. ಗಾಜು ಕೂರಿಸುವ ಕುಲ ಎಂಬುದೊಂದು ಇಲ್ಲ. 2023ರಲ್ಲಿ ಬಂದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ, ಕ್ಷೌರಿಕ, ಅಗಸ ಎಲ್ಲ ಇದ್ದಾರೆ, ಮೋಟಾರು ಮೆಕ್ಯಾನಿಕ್ ಇಲ್ಲ. ವಂಶದ ಕಸುಬಿನ ಲೆಕ್ಕಕ್ಕೆ ಅವನು ಸಿಗುವುದಿಲ್ಲ, ಅದು ಅವನ ಪುಣ್ಯ. ಯಂತ್ರವನ್ನು ಬಯ್ಯುವವರಿಗೆ ಅಂಬೇಡ್ಕರ್ 1945ರಲ್ಲಿ ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಬರೆದ ಪುಸ್ತಕದಲ್ಲಿ ಉತ್ತರ ಕೊಟ್ಟಿದ್ದಾರೆ. ಪಶುವಿನ ಬಾಳಿನಿಂದ ಮನುಷ್ಯನನ್ನು ಬಿಡಿಸಿ ಬಿಡುವು ಕೊಡುವುದು ಯಂತ್ರವೇ, ಕೆಟ್ಟದ್ದೇನಾದರೂ ಇದ್ದರೆ ಅದು ಯಂತ್ರವನ್ನು ಹಿಡಿದಿಟ್ಟುಕೊಂಡ ಸಮಾಜದಲ್ಲಿ ಎಂಬ ಅರ್ಥದಲ್ಲಿ. ಹಟ್ಟಿಯಿಂದ ಬಂದವನೂ ಸಾಬರ ಹುಡುಗನೂ ಗೌಡರ ಹುಡುಗನೂ ಒಂದೇ ಕಾರಿನ ಕೆಳಗೆ ಒಟ್ಟಿಗೆ ಮಲಗಿ ಒಂದೇ ಪಾನಾ ಕೇಳಿ ತೆಗೆದುಕೊಳ್ಳುವ ಜಾಗ ನಮ್ಮ ಊರುಗಳಲ್ಲಿ ಇನ್ನೆಷ್ಟಿವೆ?

ಜಾತಿ ಅಲ್ಲಿಗೂ ನುಸುಳುತ್ತದೆ, ಸುಳ್ಳಲ್ಲ. ಗಾಜು ಕೂರಿಸಲು ಒಳಗೆ ಹೋಗುವ ಹುಡುಗನಿಗೆ ಮಾಲೀಕರು 'ಸೀಟಿನ ಮೇಲೆ ಪೇಪರ್ ಹಾಕ್ಕೊಂಡು ಕೂತ್ಕೋ' ಅನ್ನುತ್ತಾರೆ. ಗ್ರೀಸು ಅಂಟೀತು ಅಂತ. ನ್ಯಾಯವೇ. ಆದರೆ ಬಟ್ಟೆ ಬದಲಿಸಿ ಬಂದ ಹುಡುಗನಿಗೂ ಪೇಪರ್ ಕೊಟ್ಟಾಗ, ಅದು ಗ್ರೀಸಿಗೋ ಇನ್ನೊಂದಕ್ಕೋ ಅಂತ ಅವನಿಗೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಸಾಬೀತು ಮಾಡಲು ಆಗುವುದಿಲ್ಲ. ಇವತ್ತಿನ ಅಸ್ಪೃಶ್ಯತೆ ಬಹುಪಾಲು ಹೀಗೇ ಇದೆ, ಕೈಗೆ ಸಿಗದ ಹಾಗೆ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಮಕ್ಕಳಿಗೆ ಕೈಕೆಲಸ ಕಲಿಸಿ ಎಂದು ಹೇಳುವವರು ಎಲ್ಲ ಕಾಲಕ್ಕೂ ಇದ್ದಾರೆ. 1953ರಲ್ಲಿ ರಾಜಾಜಿಯವರು ಮದರಾಸು ರಾಜ್ಯದ ಹಳ್ಳಿ ಶಾಲೆಗಳಲ್ಲಿ ಪಾಠದ ಹೊತ್ತನ್ನು ಕಡಿಮೆ ಮಾಡಿ, ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯಲ್ಲಿ ಅಪ್ಪನ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ನಮ್ಮ ದಕ್ಷಿಣ ಕನ್ನಡ ಆಗ ಆ ರಾಜ್ಯದಲ್ಲೇ ಇತ್ತು. ಪೆರಿಯಾರ್ ಅದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದು ಬೀದಿಗಿಳಿದರು. ರಾಜಾಜಿ ಅಧಿಕಾರ ಬಿಟ್ಟರು, 1954ರಲ್ಲಿ ಕಾಮರಾಜ್ ಯೋಜನೆಯನ್ನೇ ಕಿತ್ತುಹಾಕಿದರು. ಜಾಡಮಾಲಿಯ ಮಗ ಮನೆಯಲ್ಲಿ ಏನು ಕಲಿಯಬೇಕಾಗಿತ್ತು ಎಂದು ಯೋಚಿಸಿದರೆ ಸಾಕು. 'ಮನೆ' ಎಂಬುದು ಎಲ್ಲರಿಗೂ ಒಂದೇ ಅರ್ಥದ ಮಾತಲ್ಲ.

ಅದೇ ಮಾತು ಕಾನೂನಿನಲ್ಲಿ ಮತ್ತೆ ಬಂದಿದೆ. 2016ರ ಬಾಲಕಾರ್ಮಿಕ ತಿದ್ದುಪಡಿ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದಿತು, ಒಳ್ಳೆಯದಾಯಿತು. ಜೊತೆಗೇ, ಶಾಲೆಯ ಹೊತ್ತು ಬಿಟ್ಟು ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ನೆರವಾಗಬಹುದು ಎಂದು ಒಂದು ಕಿಂಡಿಯನ್ನೂ ಬಿಟ್ಟಿತು. ಡಾಕ್ಟರ ಮಗ ಭಾನುವಾರ ಕಾರಿನೊಳಗೆ ಕೂತು ಹುರಿ ಎಳೆದರೆ ಅದು ಆಟ, ಸಂಸ್ಕಾರ, ಫೋಟೋ. ಬುಟ್ಟಿ ಹೆಣೆಯುವವನ ಮಗಳು ಸ್ಕೂಲು ಬಿಟ್ಟು ಬಂದು ಬಿದಿರು ಸೀಳಿದರೂ ಕಾನೂನಿನ ಕಣ್ಣಿಗೆ ಅದೇ ನೆರವು. ಇಬ್ಬರೂ ಮನೆಯಲ್ಲೇ ಇದ್ದಾರೆ. ಮಾರನೇ ದಿನ ಲೆಕ್ಕ ಮಾಡದೆ ಬಂದವರು ಯಾರು, ತೂಕಡಿಸಿದವರು ಯಾರು ಅಂತ ಮೇಷ್ಟ್ರಿಗೆ ಗೊತ್ತು.

ಹಾಗಾದರೆ ಕೈಕೆಲಸ ಕಲಿಸುವುದೇ ಬೇಡವೇ? ಬೇಕು. ಎಲ್ಲ ಮಕ್ಕಳಿಗೂ ಬೇಕು, ಹುಟ್ಟು ನೋಡದೆ, ಪಾಳಿ ಹಾಕಿ. ಟಫನ್ಡ್ ಗಾಜಿನ ಪಾಠವನ್ನು ಭೌತಶಾಸ್ತ್ರದ ತರಗತಿಯಲ್ಲಿ ಮಾಡಿ, ಮೆಕ್ಯಾನಿಕ್ಕನ್ನು ಕರೆದು ಮೇಷ್ಟ್ರ ಕುರ್ಚಿಯಲ್ಲೇ ಕೂರಿಸಿ ಹೇಳಿಸಿ, ಬಂದು ಹೇಳಿದ್ದಕ್ಕೆ ಅವನ ಅರ್ಧ ದಿನದ ಕೂಲಿ ಕೊಡಿ. ಬೆಳಿಗ್ಗೆ ಇಳಿ ಬಿಸಿಲಿನಲ್ಲಿ ಕಾರಿನ ಹಿಂದಿನ ಗಾಜನ್ನು ಓರೆಯಾಗಿ ನೋಡಿದರೆ ಸಾಲು ಸಾಲು ಮಚ್ಚೆ ಕಾಣುತ್ತವೆ, ಗಾಳಿ ಹೊಡೆದು ತಣಿಸಿದ ಗುರುತು ಅವು. ಅದನ್ನು ಮಕ್ಕಳಿಗೆ ತೋರಿಸಿ. ಹತ್ತನೇ ಕ್ಲಾಸು ಫೇಲಾದವನಿಗೆ ಐ.ಟಿ.ಐ., ಪಾಸಾದವನಿಗೆ ಪಿ.ಯು.ಸಿ. ಎಂದು ನೀವೇ ತರಗತಿಯಲ್ಲಿ ಬೆದರಿಸುವುದನ್ನು ಬಿಡಿ. ಎರಡು ವರ್ಷದ ಮೋಟಾರು ಮೆಕ್ಯಾನಿಕ್ ಕೋರ್ಸನ್ನು ಶಿಕ್ಷೆಯ ಹಾಗೆ ಕೇಳಿಸಿಕೊಂಡ ಹುಡುಗ ಅಲ್ಲಿ ಏನು ಕಲಿತಾನು?

ಗ್ಯಾರೇಜಿನ ಹುಡುಗರಿಗೂ ಒಂದು ಕೆಲಸವಿದೆ. ಕೂಲಿಯ ದರವನ್ನು ಗೋಡೆಯ ಮೇಲೆ ಬರೆಯಿರಿ. ಹಿಂದಿನ ಗಾಜು ಕೂರಿಸಲು ಇಷ್ಟು, ತುಕ್ಕು ಉಜ್ಜಲು ಇಷ್ಟು, ಒಡೆದ ಪುಡಿ ತೆಗೆಯಲು ಇಷ್ಟು, ಹೇಳಿಕೊಡಲು ಇಷ್ಟು. ಒಬ್ಬನೇ ಬರೆದರೆ ಗಿರಾಕಿ ಪಕ್ಕದ ಶೆಡ್ಡಿಗೆ ಹೋಗುತ್ತಾನೆ, ಆದ್ದರಿಂದ ಬೀದಿಯ ಶೆಡ್ಡಿನವರೆಲ್ಲ ಒಂದೇ ದಿನ ಬರೆಯಬೇಕು. ಒಳಗೆ ಕೂತು ಹುರಿ ಎಳೆಯುವವನ ಪಾಲು ಎಷ್ಟು ಅನ್ನುವುದನ್ನು ಮೇಸ್ತ್ರಿಗಳು ಮೊದಲು ತಮ್ಮತಮ್ಮಲ್ಲಿ ಇತ್ಯರ್ಥ ಮಾಡಿಕೊಂಡು ಬರಲಿ. ಆ ಮಾತನ್ನು ಎತ್ತಿದ ಕೂಡಲೇ ನಮ್ಮ ಮೇಸ್ತ್ರಿ ಗೆಳೆಯರೇ ಮುಖ ತಿರುಗಿಸುವುದನ್ನು ನಾವು ನೋಡಿದ್ದೇವೆ.